ಸೆನ್ಸರ್ 58 ಅನ್ನುತ್ತೆ, ಬೆರಳು ಚುಚ್ಚಿದರೆ 112. ಯಾವುದನ್ನು ನಂಬೋದು?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 71 ವರ್ಷ. 18 ವರ್ಷದಿಂದ ಶುಗರ್ ಇದೆ, ಬೆಳಿಗ್ಗೆ ರಾತ್ರಿ ಇನ್ಸುಲಿನ್ ತಗೊಳ್ತಾರೆ. ಬೆಂಗಳೂರಿನಲ್ಲಿರುವ ತಮ್ಮ ಹೋದ ತಿಂಗಳು ಅವರ ತೋಳಿಗೆ ಹಗಲೂ ರಾತ್ರಿ ಶುಗರ್ ನೋಡಿ ಫೋನ್‌ಗೆ ಕಳಿಸುವ ಸೆನ್ಸರ್ ಹಾಕಿಸಿದ. ಅವತ್ತಿನಿಂದ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ರಾತ್ರಿ ಎರಡು, ಮೂರು ಗಂಟೆಗೆ ಫೋನ್ ಕೂಗಿಕೊಳ್ಳುತ್ತದೆ, ನೋಡಿದರೆ 58, 55. ಎಬ್ಬಿಸಿ ಸಕ್ಕರೆ ನೀರು ಕುಡಿಸುತ್ತೇವೆ. ಅಪ್ಪ "ನನಗೇನೂ ಆಗಿಲ್ಲ, ಮಲಗೋಕೆ ಬಿಡ್ರೋ" ಅಂತ ಬೈತಾರೆ. ಬೆಳಿಗ್ಗೆ ನೋಡಿದರೆ 220. ಮೊನ್ನೆ ಸಕ್ಕರೆ ಕೊಡುವ ಮುಂಚೆ ಬೆರಳು ಚುಚ್ಚಿ ನೋಡಿದೆ, 112 ಇತ್ತು! ಸೆನ್ಸರ್ ಕೆಟ್ಟಿದೆಯಾ? ತೆಗೆದು ಬಿಸಾಕಲಾ?
ಓದುಗರು, ದಾವಣಗೆರೆ

ಉತ್ತರ: ಬಿಸಾಕಬೇಡಿ. ಮೊದಲು ನನ್ನದೊಂದು ಪ್ರಶ್ನೆ. ಅಪ್ಪ ಯಾವ ಮಗ್ಗುಲಿಗೆ ಮಲಗುತ್ತಾರೆ? ಸೆನ್ಸರ್ ಇರುವ ತೋಳಿನ ಮೇಲೇ ಅಲ್ವಾ?

ಆ ಬಿಳಿ ಬಿಲ್ಲೆಯ ಕೆಳಗೆ ಕೂದಲಿನಂಥ ಒಂದು ಎಳೆ ಇರುತ್ತದೆ. ಚರ್ಮದೊಳಗೆ ಸುಮಾರು ಅರ್ಧ ಸೆಂಟಿಮೀಟರ್ ಇಳಿದಿರುತ್ತದೆ, ಅಷ್ಟೇ. ಅದು ರಕ್ತವನ್ನು ಅಳೆಯುವುದಿಲ್ಲ, ಜೀವಕೋಶಗಳ ಸುತ್ತ ಇರುವ ನೀರಿನಲ್ಲಿ ಎಷ್ಟು ಸಕ್ಕರೆ ಇದೆ ಅಂತ ಅಳೆಯುತ್ತದೆ. ಆ ತೋಳಿನ ಮೇಲೆ ಮೈಭಾರ ಬಿದ್ದರೆ ಆ ಜಾಗಕ್ಕೆ ರಕ್ತ ಬರುವುದು ಕಡಿಮೆಯಾಗುತ್ತದೆ. ಅಲ್ಲಿದ್ದ ಸಕ್ಕರೆಯನ್ನು ಜೀವಕೋಶಗಳು ಬಳಸಿಕೊಳ್ಳುತ್ತಲೇ ಇರುತ್ತವೆ, ಹೊಸದು ಬರುವುದಿಲ್ಲ, ಸೆನ್ಸರ್‌ಗೆ 55 ಕಾಣಿಸುತ್ತದೆ. ಆ ಒಂದಿಂಚು ಜಾಗದ ಮಟ್ಟಿಗೆ ಅದು ಹೇಳಿದ್ದು ಸರಿಯೇ. ಅಪ್ಪನ ಮೈಯಲ್ಲಿ ಮಾತ್ರ 112 ಇತ್ತು. ನೀವು ಕೊಟ್ಟ ಸಕ್ಕರೆ ನೀರು ಆ 112ರ ಮೇಲೆ ಹೋಗಿ ಕೂತಿತು. ಬೆಳಗಿನ 220ಕ್ಕೆ ಅದೂ ಒಂದು ಕಾರಣ.

ಆ್ಯಪ್ ತೆಗೆದು ಆ ರಾತ್ರಿಗಳ ಗ್ರಾಫ್ ನೋಡಿ. ಗೆರೆ ಚೆನ್ನಾಗಿ ಹೋಗುತ್ತಾ ಹೋಗುತ್ತಾ, ಬಾವಿಗೆ ಕೊಡ ಬಿಟ್ಟ ಹಾಗೆ ಇದ್ದಕ್ಕಿದ್ದಂತೆ ಕೆಳಗಿಳಿದು, ಅವರು ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಹಾಗೇ ಮೇಲೆ ಬಂದು ಮೊದಲಿನ ಜಾಗಕ್ಕೇ ಸೇರಿದ್ದರೆ, ಅದು ತೋಳು ಒತ್ತಿಕೊಂಡ ಗುರುತು. ನಿಜವಾದ ಲೋ, ಅಂದರೆ ಶುಗರ್ ತೀರಾ ಇಳಿಯುವುದು, ಸಾಮಾನ್ಯವಾಗಿ ಇಳಿಜಾರಿನ ಹಾಗೆ ನಿಧಾನಕ್ಕೆ ಬರುತ್ತದೆ, ಏನೂ ತಿನ್ನದೆ ಅಷ್ಟು ಬೇಗ ಎದ್ದು ಬರುವುದಿಲ್ಲ.

ಹಾಗಂತ ನಾಳೆಯಿಂದ ಅಲಾರಂ ಆಫ್ ಮಾಡಿ ಮಲಗಬೇಡಿ. ರಾತ್ರಿ ಇನ್ಸುಲಿನ್ ತಗೊಳ್ಳುವವರಿಗೆ ನಿಜವಾದ ಲೋ ಕೂಡ ಆ ಹೊತ್ತಿಗೇ ಬರಬಹುದು. ಇನ್ನೊಂದು ವಿಷಯ, ಇಷ್ಟು ವರ್ಷ ಶುಗರ್ ಇದ್ದವರಲ್ಲಿ ಕೆಲವರಿಗೆ ಲೋ ಆದರೂ ಬೆವರು, ನಡುಕ ಯಾವುದೂ ಗೊತ್ತಾಗುವುದಿಲ್ಲ. ಆದ್ದರಿಂದ ಅಪ್ಪನ "ನನಗೇನೂ ಆಗಿಲ್ಲ" ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಅಲಾರಂ ಆದಾಗ ತೋಳಿನ ಮೇಲಿನ ಭಾರ ತೆಗೆಸಿ, ಬೆರಳು ಚುಚ್ಚಿ. 70ಕ್ಕಿಂತ ಕಡಿಮೆ ಬಂದರೆ ಮೂರು ಚಿಕ್ಕ ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಬೆರಳಲ್ಲೇ ನೋಡಿ. ಬೆರಳಲ್ಲೇ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ರಕ್ತದಲ್ಲಿ ಶುಗರ್ ಏರಿದ್ದರೂ ಸೆನ್ಸರ್ ಇನ್ನೂ ಕೆಳಗೇ ತೋರಿಸುತ್ತಿರುತ್ತದೆ, ಮನೆಯವರು ಗಾಬರಿಯಲ್ಲಿ ಮೇಲಿಂದ ಮೇಲೆ ಸಕ್ಕರೆ ಕುಡಿಸುತ್ತಲೇ ಇರುತ್ತಾರೆ, ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವರು ಬೆವರುತ್ತಿದ್ದರೆ, ಮಾತು ತೊದಲುತ್ತಿದ್ದರೆ ಸ್ಟ್ರಿಪ್ ಹುಡುಕುತ್ತಾ ಕೂರಬೇಡಿ, ಮೊದಲು ಸಕ್ಕರೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಸೀದಾ ಆಸ್ಪತ್ರೆ.

ಮುಂದಿನ ಸೆನ್ಸರ್ ಅನ್ನು ಅವರು ಮಲಗದ ಕಡೆಯ ತೋಳಿಗೆ ಹಾಕಿಸಿ. ಇಷ್ಟರಲ್ಲೇ ಅರ್ಧ ತಲೆನೋವು ಹೋಗುತ್ತದೆ.

ಸೆನ್ಸರ್ ನಿಜಕ್ಕೂ ಕೆಟ್ಟಿರುವ ಸಾಧ್ಯತೆ ಇಲ್ಲವೇ? ಇದೆ. 2025ರ ನವೆಂಬರ್‌ನಲ್ಲಿ ಅಬಾಟ್ ಕಂಪನಿ ತನ್ನ ಲಿಬ್ರೆ 3 ಮತ್ತು ಲಿಬ್ರೆ 3 ಪ್ಲಸ್ ಸೆನ್ಸರ್‌ಗಳಲ್ಲಿ ಕೆಲವು ಶುಗರ್ ಅನ್ನು ತಪ್ಪಾಗಿ ಕಡಿಮೆ ತೋರಿಸುತ್ತಿವೆ, ಅವನ್ನು ಬಳಸಬೇಡಿ ಅಂತ ತಾನೇ ಪ್ರಕಟಿಸಿತು. ಅಮೆರಿಕ ಒಂದರಲ್ಲೇ ಅಂಥವು ಸುಮಾರು 30 ಲಕ್ಷ. ಬೇರೆ ಬೇರೆ ದೇಶಗಳ 7 ಸಾವುಗಳಿಗೂ ಇದಕ್ಕೂ ನಂಟಿರಬಹುದು ಎಂದೂ ಹೇಳಿತು. ಕಡಿಮೆ ತೋರಿಸಿದರೆ ಏನು ಮಹಾ ಅನ್ನಿಸಬಹುದು. ಆದರೆ ಸುಳ್ಳು ಲೋ ನೋಡಿ ಜನ ಸಕ್ಕರೆ ತಿನ್ನುತ್ತಾರೆ, ಇನ್ಸುಲಿನ್ ಬಿಡುತ್ತಾರೆ, ನಿಜವಾದ ಶುಗರ್ ಅಷ್ಟರಲ್ಲಿ ಎಲ್ಲೋ ಮೇಲೆ ಹೋಗಿರುತ್ತದೆ. ಹಾಗಾಗಿ ಡಬ್ಬಿ ಎಸೆಯಬೇಡಿ, ಅದರ ಮೇಲಿನ ಸೀರಿಯಲ್ ನಂಬರ್ ಬೇಕಾಗುತ್ತದೆ. ಹಗಲಲ್ಲಿ, ತೋಳಿನ ಮೇಲೆ ಭಾರ ಇಲ್ಲದಾಗಲೂ ಎರಡು ಮೂರು ಸಲ ಹೀಗೇ ಅರ್ಧಕ್ಕರ್ಧ ವ್ಯತ್ಯಾಸ ಬಂದರೆ ಕಂಪನಿಗೆ ಫೋನ್ ಮಾಡಿ, ಬದಲಿ ಕೇಳಿ.

ಪ್ರಶ್ನೆ: ಊಟ ಆಗಿ ಮುಕ್ಕಾಲು ಗಂಟೆಗೆ ಸೆನ್ಸರ್ 162, ಗ್ಲುಕೋಮೀಟರ್ 190. ಇಷ್ಟು ದುಡ್ಡು ಕೊಟ್ಟು ತಪ್ಪು ಲೆಕ್ಕ ನೋಡಬೇಕಾ?
ಓದುಗರು, ಹಾಸನ

ಉತ್ತರ: ನೀವು ಹೋಲಿಸಲು ಆರಿಸಿಕೊಂಡ ಹೊತ್ತೇ ಸರಿಯಿಲ್ಲ. ಊಟದ ಸಕ್ಕರೆ ಮೊದಲು ರಕ್ತಕ್ಕೆ ಬರುತ್ತದೆ, ಅಲ್ಲಿಂದ ಚರ್ಮದ ಕೆಳಗಿನ ನೀರಿಗೆ ಇಳಿಯಲು ಇನ್ನೂ 5ರಿಂದ 15 ನಿಮಿಷ ಬೇಕು. ಮುದ್ದೆ ಸಾರು ಉಂಡು ಶುಗರ್ ಏರುತ್ತಿರುವಾಗ ಬೆರಳು ಮುಂದೆ, ಸೆನ್ಸರ್ ಹಿಂದೆ. ಜೋರಾಗಿ ನಡೆದು ಶುಗರ್ ಇಳಿಯುತ್ತಿರುವಾಗ ಇದೇ ಉಲ್ಟಾ, ರಕ್ತದಲ್ಲಿ 68 ಆಗಿದ್ದರೂ ಸೆನ್ಸರ್ 85 ಅಂತ ನೆಮ್ಮದಿಯಾಗಿ ಕೂತಿರಬಹುದು. ಅದಕ್ಕೇ ಅಂಕಿಯ ಪಕ್ಕದ ಬಾಣ ನೋಡಿ ಅಂತ ಹೇಳುವುದು. ಬಾಣ ಕೆಳಗೆ ತಿರುಗಿದ 85 ಬೇರೆ, ಅಡ್ಡ ಮಲಗಿದ 85 ಬೇರೆ.

ಗ್ಲುಕೋಮೀಟರ್ ಏನು ಸತ್ಯ ಹರಿಶ್ಚಂದ್ರ ಅಲ್ಲ ಮತ್ತೆ! ಒಳ್ಳೆಯ ಮೀಟರ್‌ಗೂ 100ರ ಮೇಲೆ ಶೇ 15ರವರೆಗೆ ಆಚೀಚೆ ಹೋಗಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಲ್ಯಾಬಿನಲ್ಲಿ 175 ಬರುವ ರಕ್ತಕ್ಕೆ ನಿಮ್ಮ ಮೀಟರ್ 190 ಅಂದರೂ, ಸೆನ್ಸರ್ 162 ಅಂದರೂ ಎರಡೂ ಪಾಸೇ. ನನ್ನ ಹತ್ತಿರ ಬರುವ ಒಬ್ಬರು ಮಾವಿನ ಕಾಲದಲ್ಲಿ ಮೀಟರ್ 340 ತೋರಿಸಿತು ಅಂತ ಓಡಿ ಬಂದಿದ್ದರು. ಸೋಪು ಹಾಕಿ ಕೈ ತೊಳೆಸಿ ಮತ್ತೆ ಚುಚ್ಚಿದರೆ 146. ಹಣ್ಣು ಹೆಚ್ಚಿ ಕೈಯನ್ನು ಬಟ್ಟೆಗೆ ಒರೆಸಿಕೊಂಡಿದ್ದರು, ಬೆರಳ ತುದಿಯಲ್ಲಿ ಅಂಟಿದ್ದ ರಸವನ್ನೂ ಸ್ಟ್ರಿಪ್ ಲೆಕ್ಕ ಹಾಕಿತ್ತು. ಸ್ಪಿರಿಟ್ ಹತ್ತಿಯಲ್ಲಿ ಒಮ್ಮೆ ಒರೆಸಿದರೂ ಅದು ಪೂರ್ತಿ ಹೋಗುವುದಿಲ್ಲ, ತೊಳೆಯಲೇಬೇಕು.

ಹೋಲಿಸಲೇಬೇಕು ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬಾಣ ಅಡ್ಡ ಇರುವಾಗ ಹೋಲಿಸಿ. ಹಾಕಿಸಿಕೊಂಡ ಮೊದಲ ದಿನದ ಲೆಕ್ಕ ಬಿಡಿ, ಚುಚ್ಚಿದ ಗಾಯಕ್ಕೆ ಮೈ ಇನ್ನೂ ಒಗ್ಗಿರುವುದಿಲ್ಲ, ಅಂಕಿಗಳು ಕುಣಿಯುತ್ತವೆ. ಕುತೂಹಲಕ್ಕೆ ನಾನೇ ಒಮ್ಮೆ ಎರಡೂ ತೋಳಿಗೆ ಒಂದೇ ಕಂಪನಿಯ ಸೆನ್ಸರ್ ಹಾಕಿಕೊಂಡಿದ್ದೆ. ಎಡಕ್ಕೂ ಬಲಕ್ಕೂ ಹದಿನೈದು, ಇಪ್ಪತ್ತು ಪಾಯಿಂಟ್ ವ್ಯತ್ಯಾಸ ಮಾಮೂಲಿ, ಗ್ರಾಫಿನ ಏರಿಳಿತ ಮಾತ್ರ ಹೆಚ್ಚುಕಮ್ಮಿ ಒಂದೇ. ಈಗಿನ ಸೆನ್ಸರ್‌ಗಳ ತಪ್ಪು ಸರಾಸರಿ ಶೇ 8ರಿಂದ 10 ಅಂತ ಕಂಪನಿಗಳು ಹೇಳುತ್ತವೆ. ಅದು ಸರಾಸರಿ, ನೆನಪಿರಲಿ. ಪ್ರತಿ ಅಂಕಿಗೂ ಅದೇ ಗ್ಯಾರಂಟಿ ಅಂತಲ್ಲ. ಒಂದು ಅಂಕಿ ನೋಡಿ ಇನ್ಸುಲಿನ್ ಏರಿಸಬೇಡಿ. ಎರಡು ವಾರದ ಗ್ರಾಫ್ ತನ್ನಿ, ಅದರಲ್ಲಿ ನಮಗೆ ಬೇಕಾದ್ದೆಲ್ಲ ಇರುತ್ತದೆ.

ಪ್ರಶ್ನೆ: ನೆಗಡಿಗೆ ವಿಟಮಿನ್ ಸಿ ಮಾತ್ರೆ ಚೀಪುತ್ತಿದ್ದೇನೆ, ಸೆನ್ಸರ್‌ಗೆ ತೊಂದರೆಯೇ? ಇದೆಲ್ಲದರ ಬದಲು ಚುಚ್ಚದೆ ಶುಗರ್ ತೋರಿಸುವ ವಾಚ್ ಆನ್‌ಲೈನ್‌ನಲ್ಲಿ ತರಿಸಿದ್ದೇನೆ, ಅದು ಸಾಕಾ?
ಓದುಗರು, ಉಡುಪಿ

ಉತ್ತರ: ಸೆನ್ಸರ್‌ನ ಎಳೆಯ ಮೇಲೆ ಸಕ್ಕರೆಯಿಂದ ಸಣ್ಣ ಕರೆಂಟ್ ಹುಟ್ಟುತ್ತದೆ, ಅದನ್ನೇ ಅದು ಅಂಕಿ ಮಾಡಿ ತೋರಿಸುವುದು. ವಿಟಮಿನ್ ಸಿ ಜಾಸ್ತಿಯಾದರೆ ಅದರಿಂದಲೂ ಕರೆಂಟ್ ಹುಟ್ಟುತ್ತದೆ, ಶುಗರ್ ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ. ಲಿಬ್ರೆ 2ರಲ್ಲಿ ದಿನಕ್ಕೆ 500 ಮಿಲಿಗ್ರಾಂ ದಾಟಿದರೆ ಹೀಗಾಗಬಹುದು. ಚೀಪುವ ಮಾತ್ರೆ ಸಾಮಾನ್ಯವಾಗಿ 500ರದ್ದೇ, ಎರಡು ಚೀಪಿದರೆ ಮುಗಿಯಿತು. ನಿಂಬೆಹಣ್ಣಿನ ಚಿತ್ರಾನ್ನಕ್ಕೆ ಹೆದರಬೇಡಿ, ಅದರಲ್ಲಿ ಅಷ್ಟಿರುವುದಿಲ್ಲ. ನೆಗಡಿ ಜ್ವರದ ಪ್ಯಾರಾಸಿಟಮಾಲ್‌ನಿಂದಲೂ ಇದೇ ತೊಂದರೆ ಆಗಬಹುದು. ಡೆಕ್ಸ್‌ಕಾಮ್ ಕಂಪನಿಯ ಜಿ6, ಜಿ7 ಸೆನ್ಸರ್ ಇದ್ದರೆ ಅದು 6 ಗಂಟೆಗೆ 1 ಗ್ರಾಂ ದಾಟಬಾರದು. ಮೆಡ್‌ಟ್ರಾನಿಕ್‌ನ ಗಾರ್ಡಿಯನ್ ಸೆನ್ಸರ್‌ಗಳು ಪ್ಯಾರಾಸಿಟಮಾಲ್ ತಗೊಂಡಾಗ ಶುಗರ್ ಹೆಚ್ಚು ತೋರಿಸಬಹುದು. ಜ್ವರ, ವಾಂತಿ, ಭೇದಿ ಇದ್ದ ದಿನ ಯಾವುದೇ ಸೆನ್ಸರ್ ಇರಲಿ, ಬೆರಳನ್ನೇ ನಂಬಿ.

ಇನ್ನು ವಾಚ್. ತೋಳಿನ ಸೆನ್ಸರ್‌ನಿಂದ ಅಂಕಿ ತಂದು ತೋರಿಸುವ ವಾಚ್ ಬೇರೆ, ಅದು ಸರಿ. ಚರ್ಮಕ್ಕೆ ಏನೂ ಚುಚ್ಚದೆ ತಾನೇ ಶುಗರ್ ಅಳೆಯುತ್ತೇನೆ ಅನ್ನುವ ವಾಚಿಗಾಗಲಿ ಉಂಗುರಕ್ಕಾಗಲಿ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ವಾಪಸ್ ಕಳಿಸುವ ಗಡುವು ಮುಗಿದಿಲ್ಲದಿದ್ದರೆ ಇವತ್ತೇ ಕಳಿಸಿಬಿಡಿ.