ಮೂರನೇ ಟೆಸ್ಟಿಗೆ ಮೊದಲು ಎಲ್‌ಎಲ್‌ಆರ್ ತಾರೀಖು ನೋಡಿಕೊಳ್ಳಿ

*ಪ್ರಶ್ನೆ: ಜೂನ್ ಮೊದಲ ವಾರ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿದೆ. ಮಳೆ ಕಳೆಯಲೆಂದು ಕಾದು ನವೆಂಬರ್‌ನಲ್ಲಿ ಕಾರಿನ ಟೆಸ್ಟ್ ಕೊಟ್ಟೆ. ಎರಡು ಸಲ ಫೇಲ್. ಎರಡೂ ಸಲ ಏರಿನಲ್ಲಿ ಗಾಡಿ ಹಿಂದಕ್ಕೆ ಸರಿಯಿತು. ಮರುದಿನವೇ ಇನ್ನೊಮ್ಮೆ ಕೊಡಿಸುತ್ತೇನೆ ಎಂದು ಏಜೆಂಟರು ಹೇಳುತ್ತಾರೆ. ಎಷ್ಟು ಸಲ ಕೊಡಬಹುದು? ಎಷ್ಟು ಅಂಕ ಬೇಕು? – ಕುಮಟಾದ ಓದುಗರು*

ಮಳೆಗಾಲ ಮುಗಿದರೆ ನನಗೆ ಬರುವುದು ಇದೇ ಪತ್ರ, ಊರಿನ ಹೆಸರು ಮಾತ್ರ ಬೇರೆ. ಏಜೆಂಟರ ‘ಮರುದಿನ’ ಕಾನೂನಿನಲ್ಲಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 9ನೇ ಕಲಂ ಪ್ರಕಾರ ಫೇಲಾದವರು 7 ದಿನ ಕಳೆದ ಮೇಲೆಯೇ ಮತ್ತೆ ಬರಬೇಕು. ಮೂರು ಸಲ ಫೇಲಾದರೆ ಕೊನೆಯ ಟೆಸ್ಟಿನಿಂದ 60 ದಿನ ಹತ್ತಿರ ಸುಳಿಯುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಅಂಥವರು ಡ್ರೈವಿಂಗ್ ಸ್ಕೂಲಿನಲ್ಲಿ ಮರುತರಬೇತಿಯನ್ನೂ ಮುಗಿಸಬೇಕು.

ಈಗ ನಿಮ್ಮ ಲೆಕ್ಕ. ಎಲ್‌ಎಲ್‌ಆರ್ ಆಯುಷ್ಯ 6 ತಿಂಗಳು, ಅಂದರೆ ಡಿಸೆಂಬರ್ ಮೊದಲ ವಾರದವರೆಗೆ. ನವೆಂಬರ್ ಕೊನೆಗೆ ಮೂರನೇ ಸಲವೂ ಎಡವಿದರೆ 60 ದಿನ ಮುಗಿಯುವುದು ಜನವರಿ ಕೊನೆಗೆ. ಅಷ್ಟರಲ್ಲಿ ಎಲ್‌ಎಲ್‌ಆರ್ ಸತ್ತಿರುತ್ತದೆ. ಹೊಸ ಅರ್ಜಿ, ಹೊಸ ಶುಲ್ಕ, ಅದರ ಮೇಲೆ ಮತ್ತೆ 30 ದಿನ ಕಾಯುವುದು. ಮಳೆಗೆ ಹೆದರುವವರು ಜೂನ್‌ನಲ್ಲಿ ಎಲ್‌ಎಲ್‌ಆರ್ ಮಾಡಿಸುವುದೇ ತಪ್ಪು. ಸೆಪ್ಟೆಂಬರ್‌ನಲ್ಲಿ ಮಾಡಿಸಿದ್ದರೆ ಫೆಬ್ರುವರಿ ದಾಟುವವರೆಗೆ ನಿಶ್ಚಿಂತೆಯಾಗಿರುತ್ತಿದ್ದಿರಿ.

ತೇರ್ಗಡೆಗೆ ಶೇ 69 ಬೇಕೆಂದು ಕೇಂದ್ರ ಸಚಿವರು 2021ರಲ್ಲಿ ಲೋಕಸಭೆಗೆ ತಿಳಿಸಿದ್ದಾರೆ. ಗಾಡಿಯನ್ನು ರಿವರ್ಸ್ ತೆಗೆಯುವುದೂ ಟೆಸ್ಟಿನಲ್ಲಿ ಸೇರಿದೆ. ಆದರೆ ಅಂಕ ಎಣಿಸುತ್ತ ಕೂರಬೇಡಿ. ಏರಿನಲ್ಲಿ ನಿಲ್ಲಿಸಿದ ಗಾಡಿ ಹಿಂದೆ ಸರಿಯದಂತೆ ಹೊರಡಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 15ನೇ ನಿಯಮವೇ ಹೇಳುತ್ತದೆ. ಟೆಸ್ಟ್ ತೆಗೆದುಕೊಳ್ಳುವ ಬ್ರೇಕ್ ಇನ್‌ಸ್ಪೆಕ್ಟರಿಗೆ ನಿಮ್ಮ ಮೇಲೆ ಹಗೆ ಇಲ್ಲ.

ನಿಮಗೆ ಕಲಿಸಿದವರು ಮೈದಾನದಲ್ಲಿ ಇಪ್ಪತ್ತು ದಿನ ಸುತ್ತಿಸಿರಬೇಕು. ಸ್ಕೂಲಿನ ಕಾರಿನಲ್ಲಿ ಪಕ್ಕದವರ ಕಾಲಡಿಗೂ ಕ್ಲಚ್, ಬ್ರೇಕ್ ಇರುತ್ತವೆ. ಏರು ಬಂದಾಗ ಒತ್ತಿದವರು ಅವರು, ಕಲಿತೆ ಎಂದುಕೊಂಡವರು ನೀವು. ಇಳಿಜಾರಿನ ಖಾಲಿ ರಸ್ತೆಗೆ ಕರೆದೊಯ್ಯಿರಿ ಎಂದು ಕೇಳಿ, ಪಕ್ಕದವರು ಕಾಲು ಹಿಂದಕ್ಕೆಳೆದು ಕೂರಲಿ. ಹ್ಯಾಂಡ್ ಬ್ರೇಕ್ ಎಳೆದೇ ಇರಲಿ. ಒಂದನೇ ಗೇರಿಗೆ ಹಾಕಿ ಕ್ಲಚ್ ನಿಧಾನವಾಗಿ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತಗ್ಗುತ್ತದೆ, ಬಾನೆಟ್ ತುಸು ಮೇಲೆದ್ದಂತೆ ಕಾಣುತ್ತದೆ. ಪಾದ ಅಲ್ಲೇ ನಿಲ್ಲಲಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಹೆಚ್ಚಿನವರು ಮೊದಲು ಬ್ರೇಕ್ ಇಳಿಸಿ ಆಮೇಲೆ ಕ್ಲಚ್ ಹುಡುಕುತ್ತಾರೆ. ಹತ್ತು ಸಲ ಮಾಡಿ ಹತ್ತೂ ಸಲ ಸರಿಯಾಗುವವರೆಗೆ ಮೂರನೇ ಟೆಸ್ಟಿಗೆ ಹೋಗಬೇಡಿ. ಅಷ್ಟರಲ್ಲಿ ಎಲ್‌ಎಲ್‌ಆರ್ ಮುಗಿದು ಹೊಸದು ಮಾಡಿಸಬೇಕಾದರೂ ಚಿಂತೆಯಿಲ್ಲ, ಮತ್ತೆ ಎಡವಿ 60 ದಿನ ಕಾಯುವುದಕ್ಕಿಂತ ಅದೇ ವಾಸಿ. ನಾನು ಸ್ವಲ್ಪ ಪುಕ್ಕಲು ಮನುಷ್ಯನೇ ಇರಬಹುದು, ಆದರೆ ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ಲಾರಿಯ ಹಿಂದೆ ನಿಂತಾಗ ನಿಮ್ಮ ಬೆನ್ನಿಗೆ ಬಸ್ಸಿರುತ್ತದೆ.

*ಪ್ರಶ್ನೆ: 2024ರ ಜೂನ್ 1ರಿಂದ ಡ್ರೈವಿಂಗ್ ಸ್ಕೂಲ್ ಸರ್ಟಿಫಿಕೇಟ್ ಇದ್ದರೆ ಟೆಸ್ಟ್ ಇಲ್ಲವಂತೆ? – ಅಂಕೋಲಾ*

ವಾಟ್ಸ್ಆ್ಯಪ್ ಸುದ್ದಿ ಇನ್ನೂ ಸತ್ತಿಲ್ಲ! ಅಂದು ಯಾವ ಹೊಸ ನಿಯಮವೂ ಬಂದಿಲ್ಲ ಎಂದು ಸಾರಿಗೆ ಸಚಿವಾಲಯವೇ ಸ್ಪಷ್ಟಪಡಿಸಿತ್ತು. ವಿನಾಯಿತಿ ಇರುವುದು 2021ರ ಜುಲೈ 1ರಿಂದ, ಅದೂ ವಿಶೇಷ ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಪಾಸಾದವರಿಗೆ. ಲಘು ವಾಹನಕ್ಕೆ ಅಲ್ಲಿ 29 ಗಂಟೆಗಳ ತರಬೇತಿ. ಕೇಂದ್ರಕ್ಕೆ ಕನಿಷ್ಠ ಒಂದು ಎಕರೆ ಜಾಗವಿರಬೇಕು. ಬಸ್ ನಿಲ್ದಾಣದ ಎದುರು ಒಂದು ಕೋಣೆ, ಒಂದು ಹಳೆಯ ಕಾರು ಇಟ್ಟುಕೊಂಡವರು ‘ಟೆಸ್ಟ್ ಇಲ್ಲ’ ಎಂದು ದುಡ್ಡು ಕೇಳಿದರೆ ಎದ್ದು ಬನ್ನಿ.

*ಪ್ರಶ್ನೆ: ಫೇಲಾದರೆ ಮತ್ತೆ ಎಷ್ಟು ಕಟ್ಟಬೇಕು? – ಶಿರಸಿ*

ಕೇಂದ್ರ ನಿಯಮದಲ್ಲಿ ಮರುಟೆಸ್ಟಿಗೆ ಒಂದು ವರ್ಗದ ವಾಹನಕ್ಕೆ 300 ರೂಪಾಯಿ. ಬೈಕು, ಕಾರು ಎರಡಾದರೆ ಎರಡು ಸಲ. ರಸೀದಿ ಇಲ್ಲದ್ದು ಶುಲ್ಕವಲ್ಲ.

*ಪ್ರಶ್ನೆ: ಅಮಾವಾಸ್ಯೆಯ ದಿನ ಸ್ಲಾಟ್ ಸಿಕ್ಕಿದೆ, ಬದಲಿಸಲೇ? – ಹೊನ್ನಾವರ*

ಕನ್ನಡಿ ಸರಿಪಡಿಸಿಕೊಂಡು ಹೊರಡಿ. 15ನೇ ನಿಯಮದ ಪಟ್ಟಿಯಲ್ಲಿ ಮೊದಲು ಬರುವುದು ಅದೇ, ಅಮಾವಾಸ್ಯೆ ಎಲ್ಲೂ ಬರುವುದಿಲ್ಲ.