ಹಾರ್ಟ್ ಫೇಲ್ಯೂರ್: ಹೆಂಗಸರೇ ಜಾಸ್ತಿ ಮರಳಿ ಅಡ್ಮಿಟ್ ಆಗುತ್ತಾರಾ?

ನಿಮ್ಮ ತಾಯಿ ಹಾರ್ಟ್ ಫೇಲ್ಯೂರ್ (ಹೃದಯ ನಿಂತುಹೋಗುವುದಲ್ಲ, ಅದರ ಕೆಲಸ ಕುಗ್ಗುವುದು) ಆಗಿ ಆಸ್ಪತ್ರೆಯಿಂದ ಬಂದ ಮೂರೇ ವಾರಕ್ಕೆ ಮತ್ತೆ ಅಡ್ಮಿಟ್ ಆದರು, ಹೆಂಗಸರಿಗೆ ಇದು ಜಾಸ್ತಿಯಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ಅಮೆರಿಕದಲ್ಲಿ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ) ಇರುವ ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ವಾಪಸ್ ಬರುತ್ತಾರೆ. ಗಂಡು-ಹೆಣ್ಣಿನ ಅಂತರ ಚಿಕ್ಕದು. ಬೇರೆಯಾಗುವುದು ಕಾಯಿಲೆಯ ಬಗೆ. ಗಂಡಸರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಪಂಪಿಂಗ್ ಕುಗ್ಗಿರುವುದು ಜಾಸ್ತಿ. ವಯಸ್ಸಾದ ಹೆಂಗಸರಲ್ಲಿ ಎಷ್ಟೋ ಸಲ ಬಿಪಿ, ಶುಗರ್‌ನಿಂದ ಹೃದಯದ ಗೋಡೆ ಬಿಗಿಯಾಗಿರುತ್ತದೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದಬ್ಬುವ ರಕ್ತದ ಪಾಲು, ಶೇ 60 ಅಂತ ನಾರ್ಮಲ್ ಬಂದರೂ ಏದುಸಿರು ತಪ್ಪದು. ‘ಪಂಪಿಂಗ್ ಚೆನ್ನಾಗಿದೆ’ ಅಂದಕೂಡಲೇ ಮನೆಯವರು ಸುಮ್ನೆ ನಿರಾಳ ಆಗಿಬಿಡುತ್ತಾರೆ, ಅಲ್ವಾ? ದಿನಾ ಬೆಳಿಗ್ಗೆ ತಾಯಿಯ ತೂಕ ಬರೆದಿಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಉಪ್ಪಿನಕಾಯಿ, ಹಪ್ಪಳ ದೂರ ಇರಲಿ.