ತಿಪಟೂರು ರಸ್ತೆ ಇಲ್ಲದ ಕ್ಯಾಲೆಂಡರ್

ಕ್ಯಾಲೆಂಡರನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಬ್ಯಾಂಕಿನವರು ಕೊಡುವ ದೊಡ್ಡದು, ದಿನಕ್ಕೊಂದು ಚೌಕ, ರಾಹುಕಾಲ ಸಮೇತ. ನನ್ನ ಮೇಜಿನ ಮೇಲೆ ಹರಡಿ, ಸುರುಳಿ ಸುತ್ತಿಕೊಳ್ಳದಿರಲಿ ಅಂತ ಒಂದು ಕಡೆ ನೀರಿನ ಬಾಟಲಿ, ಇನ್ನೊಂದು ಕಡೆ ಕಾರಿನ ಕೀ ಇಟ್ಟರು. "ನೋಡಿ ಮೇಡಂ, ಮಕ್ಕಳಿಗೆ ನಾವೇನು ಕಡಿಮೆ ಮಾಡಿದೀವಿ, ನೀವೇ ಹೇಳಿ" ಅಂದರು ಯಜಮಾನರು.

ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದ ತುಮಕೂರಿನ ಕುಟುಂಬ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಂಡತಿ ಪ್ರೌಢಶಾಲೆಯಲ್ಲಿ ಟೀಚರ್, ಹಾಗಾಗಿ ಟೀಚರ್ ಅಂತಲೇ ಕರೆಯುತ್ತೇನೆ. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ. ದಿನಾ ಬೆಳಗ್ಗೆ ರೈಲು, ಸಂಜೆ ರೈಲು, ಜೇಬಲ್ಲಿ ಪಾಸು. ಮಗಳು ಮೊದಲ ಪಿಯುಸಿ, ಮಗ ಆರನೇ ತರಗತಿ. ಯಜಮಾನರ ತಾಯಿ ಜೊತೆಯಲ್ಲೇ ಇದ್ದಾರೆ.

ಕ್ಯಾಲೆಂಡರಿನ ತುಂಬ ಕೆಂಪು ಪೆನ್ನಿನ ಸುತ್ತುಗಳು. ಸಂಕ್ರಾಂತಿಗೆ ಅರವತ್ತು ಮನೆಗೆ ಎಳ್ಳು ಬೀರಿದ್ದರು. ಫೆಬ್ರವರಿಯಲ್ಲಿ ಹೊಸ ಕಾರು. ಮಾರ್ಚ್‌ನಲ್ಲಿ ಮಗಳ ಎಸ್‌ಎಸ್‌ಎಲ್‌ಸಿ, ಅದು ಮುಗಿದ ಮೂರನೇ ದಿನಕ್ಕೇ ಊಟಿ. ಬೇಸಿಗೆಯಲ್ಲಿ ಮೇಲಿನ ಮಹಡಿಯ ಗೃಹಪ್ರವೇಶ. ಮಗಳ ಭರತನಾಟ್ಯ ಜೂನಿಯರ್ ಪರೀಕ್ಷೆ. ಮಳೆಗಾಲದಲ್ಲಿ ಜೋಗ. ಶ್ರಾವಣದಲ್ಲಿ ನಾದಿನಿಯ ಸೀಮಂತ. ದಸರಾಕ್ಕೆ ಹಂಪಿ, ಬಾದಾಮಿ. ನವೆಂಬರಿನಲ್ಲಿ ಮದುವೆಯ ಹದಿನೆಂಟನೇ ವಾರ್ಷಿಕೋತ್ಸವ. ಇದರ ನಡುವೆ ಮಗನಿಗೆ ಚೆಸ್ಸು, ಕೀಬೋರ್ಡು. ಯಜಮಾನರಿಗೆ ದೊಡ್ಡ ಲೆನ್ಸಿನ ಕ್ಯಾಮೆರಾ ಬಂತು, ಬೆಳಗಿನ ಜಾವ ಹಕ್ಕಿ ಹುಡುಕಿಕೊಂಡು ದೇವರಾಯನದುರ್ಗದ ಕಾಡು, ಅಮಾನಿಕೆರೆ ಏರಿ. ಎರಡು ತಿಂಗಳಿಗೆ ಕ್ಯಾಮೆರಾ ಬೀರು ಸೇರಿತು, ಸೈಕಲ್ ಬಂತು. ಸೈಕಲ್ಲು ಮೆಟ್ಟಿಲ ಕೆಳಗೆ ಹೋಯಿತು, ಮನೆಗೆ ಟೆಲಿಸ್ಕೋಪು ಬಂತು.

ಗಲಾಟೆ ಆಗಿದ್ದು ಡಿಸೆಂಬರ್‌ನಲ್ಲಿ. ಕನ್ಯಾಕುಮಾರಿಗೆ ರೈಲು ಟಿಕೆಟ್ ಆಗಿತ್ತು. ಈಗ ಟಿಕೆಟ್ ಸಿಗುವುದು 60 ದಿನ ಮುಂಚೆ, ಮೊದಲಿನ ಹಾಗೆ 120 ದಿನ ಅಲ್ಲ. ಯಜಮಾನರು ಆ ದಿನ ಬೆಳಗ್ಗೆ 8 ಗಂಟೆಗೆ ಸರಿಯಾಗಿ ಎರಡು ಫೋನು ಹಿಡಿದು ಕೂತು ಐದು ಸೀಟು ಹಿಡಿದಿದ್ದರು. ಹೊರಡುವ ದಿನ ಬ್ಯಾಗುಗಳು ಕಾರಿನಲ್ಲಿ, ಅಜ್ಜಿ ಮುಂದಿನ ಸೀಟಿನಲ್ಲಿ. ಮಗಳು ಮಾತ್ರ ರೂಮಿನ ಚಿಲಕ ಹಾಕಿಕೊಂಡು ಒಳಗೆ ಕೂತಳು. ಒಂದೇ ಮಾತು: "ನಾನು ಬರಲ್ಲ." ರೈಲು ತಪ್ಪಿತು. ಯಜಮಾನರು ಬಾಗಿಲು ಬಡಿದು ಬಡಿದು, ಕೊನೆಗೆ ಅಲ್ಲೇ ಹಜಾರದಲ್ಲಿ ಕೂತು ಜೋರಾಗಿ ಕೂಗಾಡಿದರಂತೆ. ಮನೆಯಲ್ಲಿ ಅವರ ಗಂಟಲು ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕ್ಯಾಲೆಂಡರ್ ನೋಡಿದ ಕೂಡಲೇ ಮಕ್ಕಳಿಗೆ ಸುಸ್ತಾಗಿದೆ ಅಂದುಕೊಂಡೆ. ಇಂಥ ಮನೆಗಳು ನನಗೆ ಹೊಸದಲ್ಲ. ಸೋಮವಾರದಿಂದ ಶನಿವಾರದವರೆಗೆ ಟ್ಯೂಷನ್ನು, ಭಾನುವಾರ ಡ್ರಾಯಿಂಗು. ಹಾಗಾಗಿ ಸಿದ್ಧ ಸಲಹೆ ಕೊಟ್ಟೆ: ಕ್ಲಾಸು ಕಡಿಮೆ ಮಾಡಿ, ಎರಡು ಭಾನುವಾರಕ್ಕೊಂದು ಖಾಲಿ ಬಿಡಿ, ಸುಮ್ನೆ ಮನೆಯಲ್ಲಿರಿ.

ಎರಡು ವಾರದ ನಂತರ ಬಂದರು. ಕ್ಲಾಸು ಕಡಿಮೆಯಾಗಿತ್ತು. "ಖಾಲಿ" ಭಾನುವಾರ ಏನು ಮಾಡಿದಿರಿ ಅಂದೆ. ಟೀಚರ್ ನಕ್ಕುಬಿಟ್ಟರು. ಯಜಮಾನರು ಬೆಳಗ್ಗೆ ಆರಕ್ಕೇ ಎಲ್ಲರನ್ನೂ ಎಬ್ಬಿಸಿ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಕರೆದುಕೊಂಡು ಹೋಗಿದ್ದರು. ಬಂದು ಕಾರು ತೊಳೆದರು. ಗೇಟಿಗೆ ಬಣ್ಣ ಹೊಡೆದರು. ಮಧ್ಯಾಹ್ನ ಸ್ವಲ್ಪ ಹೊತ್ತು ಸೋಫಾದ ಮೇಲೆ ಕೂತವರು ಎದ್ದು, "ನಾಮದ ಚಿಲುಮೆಗೆ ಹೋಗಿ ಬರೋಣ್ವಾ, ಹತ್ರಾನೇ" ಅಂದರಂತೆ.

ಆಗ ನನ್ನ ಕಣ್ಣು ಮಕ್ಕಳನ್ನು ಬಿಟ್ಟು ಅಪ್ಪನ ಕಡೆ ಹೋಯಿತು. ಕುಟುಂಬದ ಜೊತೆ ಜಾಸ್ತಿ ಹೊತ್ತು ಕಳೆಯಿರಿ ಅಂತ ನಾವು ಆಪ್ತಸಲಹೆಗಾರರು ಎಲ್ಲರಿಗೂ ಹೇಳುತ್ತೇವೆ, ಅಲ್ವಾ? ಈ ಮನೆಯಲ್ಲಿ ಅದಕ್ಕೆ ಬರವೇ ಇರಲಿಲ್ಲ. ಒಬ್ಬ ಮನುಷ್ಯನಿಗೆ ಒಂದು ಗಂಟೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ.

ಮುಂದಿನ ಬಾರಿ ಅಜ್ಜಿಯನ್ನೂ ಕರೆತರಲು ಹೇಳಿದೆ. ಅವರು ಹೊರಗಿನ ಬೆಂಚಿನ ಮೇಲೆ ಕೂತು ಹತ್ತಿ ಹೊಸೆದು ಹೂಬತ್ತಿ ಮಾಡುತ್ತಿದ್ದರು. ಮೊದಲು ಮಗಳನ್ನು ಒಬ್ಬಳನ್ನೇ ಕರೆದೆ. ಕ್ಯಾಲೆಂಡರ್ ಅವಳ ಮುಂದಿಟ್ಟು, ಇದರಲ್ಲಿ ಏನು ಇಲ್ಲ ಹೇಳು ಅಂದೆ. ರಜೆ ಇಲ್ಲ, ನಿದ್ದೆ ಇಲ್ಲ ಅಂತಾಳೆ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಹಾಳೆ ತಿರುವಿದಳು.

"ನಾವು ತಿಪಟೂರು ಕಡೆ ಹೋಗೋದೇ ಇಲ್ಲ ಮೇಡಂ. ಜೋಗಕ್ಕೆ ಹೋಗುವಾಗಲೂ ಅಪ್ಪ ಚಿತ್ರದುರ್ಗದ ಮೇಲೆ ಸುತ್ತಿಕೊಂಡು ಹೋದ್ರು."

ಈ ಕಡೆಯವರಿಗೆ ಗೊತ್ತು, ತುಮಕೂರಿನಿಂದ ಜೋಗಕ್ಕೆ ನೇರ ದಾರಿ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ. ಅವರು ಹೋಗಿದ್ದು ಶಿರಾ, ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ. ಯಾಕೆ ಅಂದರೆ "ಹೈವೇ ಚೆನ್ನಾಗಿದೆ" ಅಂದಿದ್ದರಂತೆ.

ತಿಪಟೂರಿನ ಆಚೆ ಒಂದು ಹಳ್ಳಿಯಲ್ಲಿ ತಾತನ ತೆಂಗಿನ ತೋಟ ಇತ್ತು. ತಾತ ಹೋಗಿ ಎರಡು ವರ್ಷವಾಗಿತ್ತು. ಮೊದಲ ವರ್ಷ ಮನೆಯಲ್ಲಿ ಹಬ್ಬವಿಲ್ಲ, ಶುಭಕಾರ್ಯವಿಲ್ಲ. ವರ್ಷದ ತಿಥಿಯನ್ನೂ ತುಮಕೂರಲ್ಲೇ ಮಾಡಿ ಮುಗಿಸಿದ್ದರು. ಅದಾಗಿ ಕೆಲವೇ ವಾರಕ್ಕೆ ಸಂಕ್ರಾಂತಿ, ಕೆಂಪು ಪೆನ್ನಿನ ಮೊದಲ ಸುತ್ತು. ಕ್ಯಾಲೆಂಡರ್ ಎಷ್ಟು ಸಲ ನೋಡಿದ್ದೆ, ಅದು ಎಲ್ಲಿಂದ ಶುರುವಾಗಿದೆ ಅಂತ ನಾನು ಕೇಳಿಯೇ ಇರಲಿಲ್ಲ.

ಅಪ್ಪನಿಗೆ ಈ ವಿಷಯ ಹೇಳಲಾ ಅಂತ ಅವಳನ್ನು ಕೇಳಿದೆ. ಹದಿನಾರರ ಹುಡುಗಿಯ ಮಾತನ್ನು ಅವಳನ್ನು ಕೇಳದೆ ಅಪ್ಪನ ಮುಂದಿಟ್ಟರೆ, ಇನ್ನೊಮ್ಮೆ ಅವಳು ಬಾಯಿ ಬಿಡುವುದಿಲ್ಲ. ಯೋಚಿಸಿ, "ಹೇಳಿ. ಆದ್ರೆ ಬೈಕೊಂಡ್ರೆ ನಿಮ್ಮ ಜವಾಬ್ದಾರಿ" ಅಂದಳು.

ಯಜಮಾನರು ಬೈಯಲಿಲ್ಲ. ಬಹಳ ಹೊತ್ತು ಕಾರಿನ ಕೀ ತಿರುಗಿಸುತ್ತಾ ಕೂತರು. ಆಮೇಲೆ ಒಂದೊಂದಾಗಿ ಬಂತು. ತಂದೆ ಫೋನ್ ಮಾಡಿದ್ದರು: "ಈ ಭಾನುವಾರ ಬಾರಪ್ಪ, ಕಾಯಿ ಅಟ್ಟಕ್ಕೆ ಹಾಕಿಸ್ಬೇಕು." ಇವರಿಗೆ ಆಫೀಸಿನ ಕೆಲಸ ಬಾಕಿ ಇತ್ತು. "ಮುಂದಿನ ವಾರ ಬರ್ತೀನಪ್ಪ" ಅಂದರು. ತಂದೆ ಒಬ್ಬ ಆಳನ್ನು ಕರೆದುಕೊಂಡು ಹಾಕಿಸಿಬಿಟ್ಟರು. ಆ ಮುಂದಿನ ವಾರ ಬರಲಿಲ್ಲ. ಫೋನ್ ಬಂದಾಗ ಇವರ ರೈಲು ಚಿಕ್ಕಬಾಣಾವರ ದಾಟಿತ್ತು. ಯಶವಂತಪುರದಲ್ಲಿ ಇಳಿದು ವಾಪಸ್ ರೈಲಿಗೆ ಕಾದದ್ದು, ಪಕ್ಕದಲ್ಲಿ ಯಾರೋ ಕಡಲೆಕಾಯಿ ತಿನ್ನುತ್ತಿದ್ದದ್ದು, ಎಲ್ಲ ಹೇಳಿದರು. ಅಂತ್ಯಕ್ರಿಯೆಯ ದಿನದ್ದು ಮಾತ್ರ ಏನೂ ನೆನಪಿಲ್ಲ ಅಂದರು. ಅವತ್ತು ಶಾಮಿಯಾನ, ಊಟ, ನೆಂಟರ ವ್ಯವಸ್ಥೆ ಎಲ್ಲ ಇವರೇ ನೋಡಿಕೊಂಡಿದ್ದರಂತೆ.

ಈ ಸೀಮೆಯ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಡುತ್ತಾರೆ. ಹತ್ತಿರ ಹತ್ತಿರ ವರ್ಷ ಹಿಡಿಯುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಡುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಅನ್ನಬೇಕು. ಆಗ ಸುಲಿಸಬೇಕು. ತಂದೆ ಕೊನೆಯದಾಗಿ ಹಾಕಿಸಿದ ಕಾಯಿ ಎರಡು ವರ್ಷವಾದರೂ ಅಟ್ಟದ ಮೇಲೇ ಇತ್ತು. ತೋಟ ನೋಡಿಕೊಳ್ಳುವವರು ಫೋನ್ ಮಾಡಿ ಮಾಡಿ ಸುಮ್ಮನಾಗಿದ್ದರು. ಅಜ್ಜಿ ಕೇಳಿದಾಗೆಲ್ಲ ಇವರು ಹೇಳುತ್ತಿದ್ದದ್ದು ಅದೇ ಮಾತು: ಮುಂದಿನ ವಾರ.

"ನಿಮ್ಮ ತಪ್ಪೇನೂ ಇಲ್ಲ" ಅಂತ ನಾನು ಹೇಳಲಿಲ್ಲ. ಅದನ್ನು ನೆಂಟರು ನೂರು ಸಲ ಹೇಳಿರುತ್ತಾರೆ, ಅದರಿಂದ ಏನೂ ಆಗಿರುವುದಿಲ್ಲ. ಅದರ ಬದಲು, ಅದಕ್ಕಿಂತ ಹಿಂದಿನ ಒಂದು ವರ್ಷದಲ್ಲಿ ತೋಟಕ್ಕೆ ಎಷ್ಟು ಸಲ ಹೋಗಿದ್ದಿರಿ ಅಂದೆ. ಬೆರಳು ಮಡಿಸಿದರು. ಗೊಬ್ಬರ ಹಾಕಿಸಿದಾಗ, ಮೋಟಾರ್ ಕೆಟ್ಟಾಗ, ಜಾತ್ರೆಗೆ, ಕಾಯಿ ಕೀಳಿಸಿದಾಗ. ಹತ್ತಕ್ಕೆ ಬಂದಾಗ ಬೆರಳು ಮುಗಿದವು. ಹೋಗದೇ ಇದ್ದ ಆ ಒಂದು ಭಾನುವಾರವನ್ನಷ್ಟೇ ಅವರು ಇಟ್ಟುಕೊಂಡಿದ್ದರು. ಆಗ ಕಣ್ಣು ತುಂಬಿತು. ಟಿಶ್ಯೂ ಡಬ್ಬಿ ನಾನು ಮುಂದೆ ತಳ್ಳಲಿಲ್ಲ. ತಳ್ಳಿದರೆ "ಸಾಕು, ಒರೆಸಿಕೊಳ್ಳಿ" ಅಂದ ಹಾಗೆ ಕೆಲವರಿಗೆ ಅನಿಸುತ್ತದೆ.

ನಿದ್ದೆಯ ಬಗ್ಗೆ ಕೇಳಿದೆ. ರಾತ್ರಿ ಒಂದರವರೆಗೂ ಫೋನಿನಲ್ಲಿ ಹೋಟೆಲು, ಘಾಟಿ ರಸ್ತೆಗಳ ವಿಡಿಯೋ ನೋಡುತ್ತಿದ್ದರು. ಕುಡಿತ ಇರಲಿಲ್ಲ. ಬದುಕು ಸಾಕು ಅನ್ನುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ, ಇಲ್ಲ ಅಂದರು. ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ ಅಂತ ಮಾತಾಯಿತು. ಅಪರಾತ್ರಿಯಲ್ಲಿ ತೀರಾ ಕಷ್ಟವಾದರೆ ಟೆಲಿ ಮಾನಸ್‌ಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ 14416 ಬರೆದುಕೊಟ್ಟೆ. ಅದು ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ.

ಸಲಹೆ ಅಂತ ನಾನು ಕೊಟ್ಟದ್ದು ಹೆಚ್ಚೇನಿಲ್ಲ. ತೋಟಕ್ಕೆ ಒಮ್ಮೆ ಹೋಗಿ. ಇಡೀ ಕುಟುಂಬ ಬೇಡ, ಅದು ಇನ್ನೊಂದು ಟ್ರಿಪ್ ಆಗುತ್ತದೆ. ನೀವು ಮತ್ತು ಅಮ್ಮ ಇಬ್ಬರೇ. ಕಾರು ಬೇಡ, ರೈಲಿನಲ್ಲಿ ಹೋಗಿ. ದಿನಾ ಸಂಜೆ ಅವರು ತುಮಕೂರಿನಲ್ಲಿ ಇಳಿಯುತ್ತಾರಲ್ಲ, ಅದೇ ಹಳಿ ಮುಂದೆ ಗುಬ್ಬಿ, ತಿಪಟೂರಿಗೆ ಹೋಗುತ್ತದೆ. ಬೆಂಗಳೂರು ಈ ಕಡೆ ಸುಮಾರು 70 ಕಿಲೋಮೀಟರ್, ತಿಪಟೂರು ಆ ಕಡೆ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಎರಡು ಗಂಟೆ ಇದ್ದು ಬನ್ನಿ, ಏನನ್ನೂ ಮುಗಿಸಬೇಕಾಗಿಲ್ಲ, ಕ್ಯಾಮೆರಾ ಬೇಡ. ಅಳು ಬರದಿದ್ದರೂ ಪರವಾಗಿಲ್ಲ, ಜಗಳ ಬಂದರೂ ಪರವಾಗಿಲ್ಲ.

ಟೀಚರ್‌ಗೆ ಹೇಳಿದ್ದು ಸ್ವಲ್ಪ ಕಹಿಯಾಗಿತ್ತು. ಗಂಡ ನಿದ್ದೆ ಮಾಡುತ್ತಿಲ್ಲ ಅಂತ ಅವರಿಗೆ ಗೊತ್ತಿತ್ತು. "ಏನೋ ಖುಷಿಯಾಗಿದಾರಲ್ಲ ಅಂತ ಸುಮ್ಮನಿದ್ದೆ" ಅಂದರು. ಪ್ರತಿ ಪ್ರಯಾಣಕ್ಕೂ ಐದು ಜನರ ಬ್ಯಾಗು ತುಂಬುವುದು, ಬಂದ ಮೇಲೆ ಎರಡು ಬಕೆಟ್ ಬಟ್ಟೆ ಒಗೆಯುವುದು, ಸೋಮವಾರ ಬೆಳಗ್ಗೆ ಪಾಠಕ್ಕೆ ಹೋಗುವುದು, ಎಲ್ಲ ಅವರದ್ದೇ. ಇನ್ನು ಮೇಲೆ ಅವರವರ ಬ್ಯಾಗು ಅವರವರೇ ತುಂಬಿಕೊಳ್ಳಲಿ, ನಿಮಗೆ ಸಾಕಾದರೆ ಸಾಕು ಅನ್ನಿ ಅಂದೆ. ತಲೆಯಾಡಿಸಿದರು. ಅದು ಒಪ್ಪಿಗೆಯೋ ಮರ್ಯಾದೆಯೋ ಗೊತ್ತಾಗಲಿಲ್ಲ.

ಮಗಳಿಗೆ ತಿಂಗಳಿಗೊಂದು "ಬೇಡ" ಕೊಟ್ಟೆವು. ಕಾರಣ ಹೇಳಬೇಕಾಗಿಲ್ಲ, ಯಾರೂ ಕೇಳುವಂತಿಲ್ಲ, ಬಾಗಿಲು ಹಾಕಿಕೊಳ್ಳುವಂತೆಯೂ ಇಲ್ಲ. ಮಗನಿಗೆ ಚೆಸ್ಸು, ಕೀಬೋರ್ಡಿನಲ್ಲಿ ಒಂದನ್ನು ಇಟ್ಟುಕೋ ಅಂದರೆ ಎರಡನ್ನೂ ಬಿಟ್ಟು ಬೀದಿಯ ಕ್ರಿಕೆಟ್ಟಿಗೆ ಹೋದ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ಒಂದು ತಿಂಗಳ ಮೇಲೆ, ಎರಡನೇ ಶನಿವಾರ ಬಂದರು. ಅಮ್ಮ ಮಗ ತಿಪಟೂರಿಗೆ ಹೋಗಿ ಬಂದಿದ್ದರು. ಎರಡು ಗಂಟೆ ಅಂತ ಹೋದವರು ರಾತ್ರಿ ಅಲ್ಲೇ ಉಳಿದರಂತೆ. ಅಟ್ಟದ ಕಾಯಿಯಲ್ಲಿ ಬಹಳಷ್ಟು ಕೌಟು ಹಿಡಿದಿತ್ತು, ಕೆಲವಕ್ಕೆ ಹುಳ ಬಿದ್ದಿತ್ತು. ಅಜ್ಜಿ ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಚೆನ್ನಾಗಿದ್ದದ್ದನ್ನು ಬೇರೆ ಇಟ್ಟರು. ಕೆಟ್ಟ ಕಾಯಿ ನೋಡಿ, "ಎರಡು ವರ್ಷ ಬಿಟ್ರೆ ಇನ್ನೇನಾಗುತ್ತೆ, ನಿಮ್ಮಪ್ಪ ಇದ್ದಿದ್ರೆ ಬೈತಿದ್ದ" ಅಂತ ಮಗನಿಗೆ ಸರಿಯಾಗಿ ಬೈದರಂತೆ. ಅದನ್ನು ಹೇಳುವಾಗ ಯಜಮಾನರ ಮುಖದಲ್ಲಿ ನಗು ಇತ್ತು. ನಿದ್ದೆ ಪೂರ್ತಿ ಸರಿಯಾಗಿಲ್ಲ, ಹನ್ನೊಂದೂವರೆಗೆ ಬಂದಿದೆ. ಕೂತಲ್ಲಿ ಕೂರುವುದು ಈಗಲೂ ಕಷ್ಟ. ಒಳ್ಳೆಯ ಕೊಬ್ಬರಿಯಲ್ಲಿ ನಾಲ್ಕು ಉಂಡೆ ನನಗೂ ತಂದಿದ್ದರು. ಸಾಮಾನ್ಯವಾಗಿ ನಾನು ಏನೂ ತೆಗೆದುಕೊಳ್ಳುವುದಿಲ್ಲ. ಅವತ್ತು ತೆಗೆದುಕೊಂಡೆ.

ಮುಂದಿನ ಭೇಟಿಗೆ ದಿನ ಕೇಳಿದೆ. ಯಜಮಾನರು ಫೋನ್ ತೆಗೆದು ನೋಡಿ, "ಆ ಶನಿವಾರ, ಭಾನುವಾರ ಬೇಡ ಮೇಡಂ, ತೋಟದಲ್ಲಿ ಕಾಯಿ ಕೀಳಿಸ್ತಿದೀವಿ, ಈ ಸಲ ಎಲ್ಲರೂ ಹೋಗ್ತೀವಿ" ಅಂದರು.

"ಎಲ್ಲರೂ ಅಲ್ಲ" ಅಂದಳು ಮಗಳು. "ಈ ತಿಂಗಳ ಬೇಡ ಅದಕ್ಕೇ ಇಟ್ಟಿದೀನಿ."

ಯಜಮಾನರು ಬಾಯಿ ತೆರೆದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ, "ಸರಿ, ನಾಲ್ಕು ಜನ" ಅಂದರು.